ಗುಡ್ಡ ಇಳಿಸಿದ ಮಣ್ಣು

ಹುಲಿಹೈದರ
ತಾ. ೨೨-೪-೧೯೪೧, ಮಂಗಳವಾರ

ಪ್ರೀತಿಯ ಆಯಿಗೆ,

ಹುಲಿಹೈದರದ ಕನ್ನಡ ಶಾಲೆಯ ಏಕಮೇವ ಗುರುಗಳೂ, ನಿನ್ನ ಬೆಲ್ಲದ ಗಡಿಗೆಯ ಕಾವಲುಗಾರರೂ ಆದ ಮೊಮ್ಮಗ ಈಶಪ್ಪನವರು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಿನ್ನ ಮೊಣಕಾಲು ನೋವು ಹೇಗಿದೆ? ಕಿನ್ನಾಳದ ನೀರು ಒಗ್ಗಿತೆ? ಬಾಣಂತಿ ಶೇಖರಕ್ಕ, ಕೂಸು ಇಬ್ಬರೂ ಆರಾಮವೆ? ಕೂಸಿನ ಮೂಗು ಅದರ ಅಪ್ಪನಂತಿಲ್ಲ ಎಂದು ಕೇಳಿ ಇಲ್ಲಿ ಎಲ್ಲರಿಗೂ ಸಮಾಧಾನವಾಗಿದೆ. ಈ ಪತ್ರವನ್ನು ನಿನಗೆ ಓದಿ ಹೇಳುತ್ತಿರುವವರು ಆ ಅಪ್ಪನೇ ಆದ್ದರಿಂದ, ವಿರೂಪಾಕ್ಷಪ್ಪ ಮಾವಾ, ಹಿಂದಿನ ಸಾಲನ್ನು ಬಿಟ್ಟು ಓದಬೇಕಾಗಿ ವಿನಂತಿ. ಗಡಿಗೆ ನೀನು ಬಿಟ್ಟುಹೋದಂತೆಯೇ ಇದೆ, ಆಯಿ. ಗಡಿಗೆ ಎಂದೆ, ಬೆಲ್ಲ ಎನ್ನಲಿಲ್ಲ.

ಹೋದ ವಾರ ಮಕ್ಕಳಿಗೆ ಊರ ಗುಡ್ಡದ ಪಾಠ ಮಾಡಿದೆ. ಸರಕಾರಿ ಶಾಲೆಯ ಹುಡುಗರು ಉರ್ದುವಿನಲ್ಲಿ ಹಿಮಾಲಯ ಕಲಿಯುತ್ತಾರೆ; ಮಠದ ಪಡಸಾಲೆಯ ನಮ್ಮ ಒಂಬತ್ತು ಮಕ್ಕಳು ಕಣ್ಣೆದುರಿನ ಗುಡ್ಡವನ್ನಾದರೂ ಕಲಿಯಲಿ ಎಂದುಕೊಂಡೆ. ಬಂಡೆಗುಂಡಿನ ಮೇಲೆ ಗುಂಡು ಹೇಗೆ ಕೂತಿತು ಎಂದು ಕೇಳಿದರೆ ಎಲ್ಲರೂ ನಿನ್ನ ಕಥೆಯನ್ನೇ ಒಪ್ಪಿಸಿದರು: ಸೇತುವೆಗೆಂದು ಕಪಿಗಳು ಹೊತ್ತು ನಡೆದಿದ್ದವು, ಕೆಲಸ ಮುಗಿಯಿತೆಂಬ ಸುದ್ದಿ ಬಂದಿತು, ಇದ್ದಲ್ಲೇ ಒಗೆದು ಹೋದವು. ಅದು ಸಂಜೆಯ ಕಥೆ, ಇದು ಮುಂಜಾನೆಯ ಪಾಠ, ಎರಡೂ ಇರಲಿ ಎಂದೆ. ಲೆಕ್ಕಕ್ಕೆ ಸಿಗದಷ್ಟು ವರ್ಷಗಳ ಹಿಂದೆ ಭೂಮಿಯ ಹೊಟ್ಟೆಯಲ್ಲಿ ಕುದಿದ ರಸ ಅಲ್ಲೇ ಆರಿ ಕಲ್ಲಾಯಿತು, ಮಳೆ ಗಾಳಿ ಮೇಲಿನ ಮಣ್ಣನ್ನು ತೊಳೆತೊಳೆದು ಕಲ್ಲು ಹೊರಬಿತ್ತು, ಬಿರುಕು ಬಿಟ್ಟ ಕಲ್ಲಿನ ಮೂಲೆ ಸವೆದು ಗುಂಡಾಯಿತು ಎಂದು ವಿವರಿಸಿದೆ. ನಂಬಲಿಲ್ಲ. ಆಗ ಅಗಲ ತಟ್ಟೆಯಂಥ ಪರಾತದಲ್ಲಿ ನಿನ್ನ ಒರಳಿನ ಗುಂಡುಕಲ್ಲನ್ನಿಟ್ಟು, ಮಣ್ಣು ಮುಚ್ಚಿ, ಪರಾತವನ್ನು ಓರೆ ಮಾಡಿ, ಮಕ್ಕಳ ಕೈಯಿಂದಲೇ ತಂಬಿಗೆ ನೀರು ಸುರಿಸಿದೆ. ಮಣ್ಣು ಇಳಿಯಿತು, ನಿನ್ನ ಗುಂಡುಕಲ್ಲು ಸಾಕ್ಷಾತ್ ಪರ್ವತರಾಜನಾಗಿ ದರ್ಶನ ಕೊಟ್ಟಿತು. (ಆಮೇಲೆ ತೊಳೆದಿಟ್ಟಿದ್ದೇನೆ. ಚಟ್ನಿ ಸ್ವಲ್ಪ ಗರಗರ ಎಂದರೆ ಅದು ಭೂಗೋಳ.)

ಎಲ್ಲರೂ ಚಪ್ಪಾಳೆ ತಟ್ಟುವಾಗ ಅಯ್ಯಪ್ಪನ ಮಗಳು ಪಾರಮ್ಮ ಮಾತ್ರ ಪರಾತದ ಕೆಳಗಿನ ಅಂಚನ್ನು ನೋಡುತ್ತಿದ್ದಳು. ನೆನಪಿದೆಯಲ್ಲ, "ಹುಡುಗೀನ ಸಾಲಿಗೆ ಹಚ್ಚತೀನಿ ಅನ್ನೂತನಕ ನಾ ಏಳಂಗಿಲ್ಲ" ಎಂದು ನೀನು ಅವರ ಕಟ್ಟೆಯ ಮೇಲೆ ಅರ್ಧ ದಿನ ಕೂತು ತಂದ, ನಮ್ಮ ಶಾಲೆಯ ಒಬ್ಬಳೇ ಹುಡುಗಿ. "ಮಾಸ್ತರ್ರ, ತೊಳಕೊಂಡು ಬಂದ ಮಣ್ಣು ಇಲ್ಲಿ ಕೂತೈತಲ್ರಿ, ಇದು ಯಾರದು? ಗುಡ್ಡದ ಬುಡಕ್ಕ ನಮ್ಮ ಹೊಲ, ಅದರ ಕೆಳಗ ನಿಮ್ಮ ಆಯೀದು. ಹಂಗಾರ ನಮ್ಮ ಮಣ್ಣು ನಿಮ್ಮಲ್ಲೈತಿ" ಎಂದಳು. ನಾನು ಶಹಬ್ಬಾಸ್ ಎಂದೆ. ಎನ್ನಬಾರದಿತ್ತು.

ಮರುದಿನ ಮುಂಜಾನೆ ಅಯ್ಯಪ್ಪ ಖಾಲಿ ಗಾಡಿ ಹೂಡಿಕೊಂಡು ಮಠದ ಮುಂದೆ ಹಾಜರ್. "ಈಶಪ್ಪ ಮಾಸ್ತರ, ನೀ ಕಲಿಸಿದ್ದು ಖರೇನೋ ಸುಳ್ಳೋ? ಖರೇ ಇದ್ರ ನಮ್ಮ ಮಣ್ಣು ನಮಗ ಕೊಡು. ಸುಳ್ಳಿದ್ರ, ಸುಳ್ಳು ಕಲಿಸೋ ಸಾಲಿಗೆ ಮಗಳನ್ನ ಯಾಕ ಕಳಸ್ಲಿ? ಮನ್ಯಾಗ ದನ ಕಾಯಾವ್ರಿಲ್ಲ." ಇದು ಲಕ್ಷಾಂತರ ವರ್ಷಗಳ ವ್ಯವಹಾರ ಎಂದು ನಾನು ಗಂಭೀರವಾಗಿ ಗಂಟಲು ಸರಿಪಡಿಸಿಕೊಂಡೆ. "ಲಕ್ಷ ವರ್ಷದ್ದು ನಾ ಬಿಟ್ಟೀನಿ. ನಮ್ಮಪ್ಪ ಸತ್ತ ಮ್ಯಾಲಿಂದಷ್ಟು ಕೊಟ್ರ ಸಾಕು" ಎಂದ. ಗಾಡಿಯ ಹಿಂದೆ ಪಾರಮ್ಮ ಪಾಟಿಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅಪ್ಪನನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆಯಿ, ಹುಟ್ಟಿದಂದಿನಿಂದ ಮೊದಲ ಸಲ ನನ್ನ ಬಾಯಿಗೆ ತಮಾಷೆ ಬರಲಿಲ್ಲ.

ಅದೆಲ್ಲ ಇತ್ಯರ್ಥವಾಗಿದೆ. ಹೇಗೆಂಬುದು ಸಣ್ಣ ಸಂಗತಿ, ಕೊನೆಗೆ ಹೇಳುತ್ತೇನೆ. ಈಗ ದಿನಾ ಪಾಠ ಮುಗಿದ ಮೇಲೆ ಮಕ್ಕಳು ಗುಡ್ಡದ ಬುಡದಿಂದ ತಲೆಗೊಂದು ಕಲ್ಲು ಹೊತ್ತು ತರುತ್ತಾರೆ, ಅಯ್ಯಪ್ಪ ತನ್ನ ಹೊಲದ ಕೆಳಬದಿಗೆ ಒಡ್ಡು ಹಾಕುತ್ತಿದ್ದಾನೆ. ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಮಣ್ಣು ಇಳಿಸುವ ಗುಡ್ಡವೇ ಮಣ್ಣು ತಡೆಯುವ ಕಲ್ಲನ್ನೂ ಕೊಡುತ್ತದೆ ಎಂದು ಪಾಠಕ್ಕೆ ಒಂದು ಸಾಲು ಸೇರಿಸಿದ್ದೇನೆ.

ಶೇಖರಕ್ಕನಿಗೆ ನಮಸ್ಕಾರ, ಕೂಸಿನ ಮೂಗಿಗೆ ಮುತ್ತು, ನಿನ್ನ ಮೊಣಕಾಲಿಗೆ ನನ್ನ ಲೆಕ್ಕದಲ್ಲಿ ಒಂದು ಹಿಡಿ ಎಣ್ಣೆ.

ನಿನ್ನ ಮುದ್ದಿನ ತಲೆನೋವು,
ಈಶಪ್ಪ

ತಾ.ಕ.: ಮಾವಾ, ಇದನ್ನು ಆಯಿ ಎಲೆ ಅಡಿಕೆ ಹಾಕಿಕೊಂಡ ಮೇಲೆ ಓದಿರಿ, ಬಾಯಿ ತುಂಬಿರುತ್ತದೆ. ಆಯಿ, ನಿನ್ನ ಹೊಲದ ಕಪ್ಪು ಮಣ್ಣು ಹತ್ತು ಗಾಡಿ ಅಯ್ಯಪ್ಪನ ಹೊಲಕ್ಕೆ ಹೋಯಿತು. ನಿನ್ನನ್ನು ಕೇಳದೆ ಕೊಟ್ಟೆ. ಸಲಿಕೆ ಹಿಡಿದು ತುಂಬಿದವನೂ ನಾನೇ, ಅಂಗೈಯಲ್ಲಿ ಬೊಬ್ಬೆ ಎದ್ದಿವೆ. ಪಾಠ ಸುಳ್ಳು ಎಂದುಬಿಟ್ಟಿದ್ದರೆ ಮಣ್ಣು ಉಳಿಯುತ್ತಿತ್ತು, ಆದರೆ ಅವಳು ನೋಡುತ್ತಿದ್ದಳಲ್ಲ. ಬೈಯುವುದಿದ್ದರೆ ಬಂದು ಬೈ. ಕಾಗದದಲ್ಲಿ ಉಳಿದ ಜಾಗವನ್ನು ಪಾರಮ್ಮ ಬೇಡಿದ್ದಾಳೆ. ನಾನು ತಿದ್ದಿಲ್ಲ.

ಕಳಕಮ್ಮ ಆಯಿಗೆ ಶರಣು. ನಾ ದಿನಾ ಸಾಲಿಗೆ ಬರಾಕತ್ತೀನ್ರಿ. ಅಪ್ಪ ಹನ್ನೊಂದನೇ ಗಾಡಿ ತುಂಬಾಕ ಹೊಂಟಿದ್ದ. ನಾನ ಬ್ಯಾಡ ಅಂದೆ.
ಪಾರಮ್ಮ