ಹಿಂದಿನ ಸೀಟು ಖಾಲಿ ಇರಲಿ

ಅಲ್ಲ ಮಾನ್ಯರೇ, ನಾನು ದೇವರ ಪಟ ಕೀಳಿಸಲು ಹೊರಟವನಲ್ಲ. ವಿಮಾನ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಗಳಾದ ತಾವು ಹಾಗೆ ಬೈದು ಫೋನ್ ಇಟ್ಟಿರಿ. ಆ ಪಟ ಕತ್ತರಿಸಿಕೊಟ್ಟವನೇ ನಾನು. ನಿಟ್ಟುವಳ್ಳಿಯಲ್ಲಿ ನನ್ನದು ರೇಡಿಯಂ ಸ್ಟಿಕರ್ ಅಂಗಡಿ. ಹರಿಹರದ ಆಚೆಗಿನ ವಿಮಾನ ತರಬೇತಿ ಶಾಲೆಯವರು ಆಯುಧ ಪೂಜೆಗೆಂದು ಬಸವಣ್ಣನ ಸ್ಟಿಕರ್ ಒಯ್ದರು. ಅಂಟಿಸಿದ್ದು ಎಲ್ಲಿ? ಪೈಲಟ್ ಕಣ್ಣೆದುರಿನ ಎಚ್ಚರಿಕೆ ಫಲಕದ ಮೇಲೆ.

ಹಿಂದಿನ ಸೀಟಿನಲ್ಲಿ ಜನ ಇದ್ದಾಗ ಸ್ಪಿನ್ ನಿಷೇಧ ಎಂದು ಆ ಫಲಕದಲ್ಲಿತ್ತು. ಸ್ಪಿನ್ ಎಂದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪಿ ವಿಮಾನ ಗಿರಗಿರನೆ ಸುತ್ತುತ್ತ ಬೀಳುವುದು. ಬಿಡಿಸಿಕೊಳ್ಳುವುದನ್ನು ಕಲಿಸಲು ಬೇಕೆಂದೇ ಹಾಗೆ ಬೀಳಿಸುತ್ತಾರೆ. ಎಂಜಿನ್ ವೇಗ ಇಳಿಸಿ, ಸುತ್ತುವ ದಿಕ್ಕಿಗೆ ಎದುರಾಗಿ ಪೆಡಲ್ ಒತ್ತಿ, ಮೂತಿ ಕೆಳಕ್ಕೆ ತಳ್ಳಿದರೆ ಸುತ್ತು ನಿಲ್ಲುತ್ತದೆ. ಆದರೆ ಭಾರ ಹಿಂದಿದ್ದರೆ ಮೂತಿ ಇಳಿಯಲು ಒಪ್ಪುವುದಿಲ್ಲ. ಆಗ ಎಷ್ಟು ಒತ್ತಿದರೇನು?

ಇದನ್ನೆಲ್ಲ ಹೇಳಿದವಳು ಅಲ್ಲಿ ಕಲಿಯುವ ನನ್ನ ತಂಗಿ ಸ್ನೇಹಾ. ನಮ್ಮೂರಲ್ಲಿ ಸೀಟು ತುಂಬದೆ ಆಟೋ ಹೊರಡುವುದಿಲ್ಲವಲ್ಲ, ಆ ಬುದ್ಧಿ ಆಕಾಶಕ್ಕೂ ಏರಿದೆ. ಒಬ್ಬರು ಹಾರಿಸುವಾಗ ಇನ್ನೊಬ್ಬರು ಹಿಂದೆ ಕೂತು ನೋಡಬೇಕಂತೆ. ಕಳೆದ ವಾರ ಹಿಂದೆ ಕೂತವಳು ಇವಳೇ. ಮುಂದಿದ್ದ ಗುರು ಉಜ್ಜನಪ್ಪನವರು ಎಷ್ಟು ಒತ್ತಿದರೂ ಸುತ್ತು ನಿಲ್ಲಲಿಲ್ಲ. "ಮುಂದಕ್ ಬಗ್ಗವ್ವಾ, ಬೆಲ್ಟ್ ಬಿಚ್ಚು" ಎಂದರಂತೆ. ಇವಳು ಮುಂದಿನ ಎರಡು ಸೀಟುಗಳ ನಡುವೆ ತೂರಿಕೊಂಡ ಮೇಲೆ ಮೂತಿ ಇಳಿಯಿತು. ಅಷ್ಟರಲ್ಲಿ ಹೊಳೆದಂಡೆಯಲ್ಲಿ ಒಣಹಾಕಿದ ಸೀರೆಗಳ ಬಣ್ಣ ಕಾಣುತ್ತಿತ್ತು. ಮನೆಗೆ ಬಂದವಳು ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಳು. ಅವ್ವ ಎಷ್ಟು ಕರೆದರೂ ಏಳಲಿಲ್ಲ.

ಸ್ಟಿಕರ್ ಕಿತ್ತು ಬಾಲದ ಮೇಲೆ ಪುಕ್ಕಟೆ ಹಚ್ಚಿಕೊಡುತ್ತೇನೆಂದು ಉಜ್ಜನಪ್ಪನವರ ಬಳಿ ಹೋದೆ.

"ಬಸವಣ್ಣನ್ನ ಕಿತ್ರೆ ಹುಡುಗ್ರು ವಿಮಾನನ ಹತ್ತಲ್ಲಪ್ಪ. ಅವತ್ತು ಉಳ್ಸಿದ್ದು ಅವನೇ ಅಲ್ವಾ?"

"ಮುಂದಕ್ ಬಗ್ಗಿದ್ದು ನಮ್ ಸ್ನೇಹಾ ಸರ್."

ಅವರು ಮುಖ ತಿರುಗಿಸಿದರು. ತಾವಾದರೂ ಕೇಳುತ್ತೀರೆಂದು ಫೋನ್ ಮಾಡಿದರೆ, ಹತ್ತನೇ ಕ್ಲಾಸ್ ಓದಿದವನಿಗೆ ವಿಮಾನದ ಉಸಾಬರಿ ಯಾಕೆ ಎಂದಿರಿ. ನಿಷೇಧ ಎಂದರೆ ನಿಷೇಧ ಎನ್ನುವಷ್ಟನ್ನು ಹತ್ತನೇ ಕ್ಲಾಸಿನೊಳಗೇ ಕಲಿಸಿಬಿಡುತ್ತಾರೆ ಸ್ವಾಮಿ. ತಮಗೆ ಅದಕ್ಕಿಂತ ಮುಂದೆ ಏನು ಕಲಿಸಿದರು? ಬಿದ್ದ ಮೇಲೆ ಬಂದು ಅಳತೆ ಹಿಡಿಯುವುದನ್ನೇ?

ಇವತ್ತು ಮಧ್ಯಾಹ್ನ ಮತ್ತೆ ಸ್ಪಿನ್ ಪಾಠವಿದೆ. ಹಿಂದಿನ ಸೀಟು ಸ್ನೇಹಾಳದು. ಒಲ್ಲೆ ಎಂದರೆ ಶಾಲೆಯಿಂದ ಹೆಸರು ತೆಗೆಯುತ್ತಾರಂತೆ. ಬೆಳಿಗ್ಗೆ ಬಾಗಿಲಲ್ಲಿ, "ಬಗ್ಗೋದ್ ಗೊತ್ತೈತಲ್ಲಣ್ಣ, ಬಿಡು" ಎಂದು ನಕ್ಕು ಹೋದಳು. ಆ ನಗು ನನಗೆ ಸರಿ ಕಾಣಲಿಲ್ಲ.

ನಾನು ಕೇಳುವುದಿಷ್ಟೇ: ವಿಮಾನ ನೆಲ ಬಿಡುವ ಮೊದಲು ಆ ಫಲಕ ಕಣ್ಣಿಗೆ ಕಾಣುವಂತೆ ಮಾಡಿಸಿ, ಹಿಂದಿನ ಸೀಟು ಖಾಲಿ ಮಾಡಿಸಿ. ತಮ್ಮ ಒಂದು ಫೋನ್ ಸಾಕು.

ಫಲಕದ ಆ ಮಾತನ್ನೇ ಕೆಂಪು ರೇಡಿಯಂನಲ್ಲಿ ದೊಡ್ಡದಾಗಿ ಕತ್ತರಿಸಿಟ್ಟುಕೊಂಡಿದ್ದೇನೆ. ಹಚ್ಚಲು ಜಾಗ ಕೊಡದಿದ್ದರೆ ಅದನ್ನು ಹಿಡಿದು ವಿಮಾನದ ಮುಂದೆ ನಿಲ್ಲುತ್ತೇನೆ. ಈ ಪತ್ರದ ಫೋಟೊ ತಮ್ಮ ಫೋನಿಗೆ ಕಳಿಸಿ, ಪತ್ರವನ್ನು ಶಟರಿಗೆ ಅಂಟಿಸುತ್ತೇನೆ. ಅಂಗಡಿ ಯಾಕೆ ಮುಚ್ಚಿದೆ ಎನ್ನುವವರು ಇದನ್ನು ಓದಿ, ಒಮ್ಮೆ ಮೇಲೆ ನೋಡಲಿ. ಇನ್ನು ಹೊರಗೆ ಹೋಗಿ ಶಟರ್ ಎಳೆಯುತ್ತೇನೆ.

ಇಂತಿ,
ಬಸವಣ್ಣನನ್ನು ಕತ್ತರಿಸಿಕೊಟ್ಟು, ಎಲ್ಲಿ ಹಚ್ಚುತ್ತೀರಿ ಎಂದು ಕೇಳದ
ಕೊಟ್ರೇಶ್, ನಿಟ್ಟುವಳ್ಳಿ