ಹೊಳೆಗೆ ಒಂದು ಹಿಡಿ ಬೇಳೆ

ಆಳಂದ
೧೪-೩-೧೯೯೫

ಚಿ. ಸೌ. ಪ್ಯಾರಿಬಿಗೆ ವಾಮನ ಕಾಕಾನ ಅನೇಕ ಆಶೀರ್ವಾದಗಳು.

‘ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ದಾಲ್ ಮಿಲ್ ಮಾಲೀಕರೇ, ವೇದಿಕೆಯಲ್ಲಿ ಜಾಗ ಸಿಗದೆ ಕೆಳಗೆ ಕುಳಿತಿರುವ ಲಾರಿ ಮಾಲೀಕರೇ, ಕುರ್ಚಿಯೂ ಸಿಗದೆ ಬಾಗಿಲಲ್ಲಿ ನಿಂತಿರುವ ಚಾಲಕ ಬಂಧುಗಳೇ, ಒಳಗೆ ಬನ್ನಿ ಎಂದು ಯಾರೂ ಕರೆಯದ ಹಮಾಲ ಮಹಾಶಯರೇ! ಸಾಗಾಣಿಕೆಯ ಇತಿಹಾಸದಲ್ಲಿ ಹೊಸ ಯುಗವೊಂದು ಅವತರಿಸಿದೆ. ಅದು ಕಬ್ಬಿಣದ್ದು. ಇಪ್ಪತ್ತು ಅಡಿ ಉದ್ದದ್ದು. ಅದಕ್ಕೆ ಎರಡು ಬಾಗಿಲು, ಎರಡೂ ಹಿಂದೆಯೇ.’

ಗಾಬರಿಯಾಗಬೇಡ ಮಗಳೇ, ಕಾಕಾನಿಗೆ ತಲೆ ಕೆಟ್ಟಿಲ್ಲ. ಮುಂದಿನ ವಾರ ವ್ಯಾಪಾರಸ್ಥರ ಸಭೆಯಲ್ಲಿ ‘ಲಾರಿಯಿಂದ ರೈಲಿಗೆ, ರೈಲಿನಿಂದ ಲಾರಿಗೆ’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಬೇಕೆಂದು ಕಂಪನಿಯವರು ನನಗೆ ಹೇಳಿದ್ದಾರೆ. ಕನ್ನಡದಲ್ಲಿ ಬಿ.ಎ. ಮಾಡಿದ ಬುಕಿಂಗ್ ಕ್ಲಾರ್ಕ್ ನಾನೊಬ್ಬನೇ ಆದ್ದರಿಂದ ಈ ಶಿಕ್ಷೆ. ಭಾಷಣ ಬರೆಯಲು ನಾಲ್ಕು ಸಲ ಕುಳಿತೆ. ನಾಲ್ಕೂ ಸಲ ಅದು ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನಿನಗೆ ಬರೆಯುವ ಪತ್ರವಾಯಿತು. ಇದು ಐದನೆಯದು, ಇದನ್ನು ಹರಿಯದೆ ಕಳಿಸುತ್ತಿದ್ದೇನೆ. ಎರಡು ತಿಂಗಳು ತಡವಾದದ್ದಕ್ಕೆ ಕ್ಷಮಿಸು. ಕೆಲಸ ಬಹಳವಿತ್ತು ಎಂದರೆ ಸುಳ್ಳಾಗುತ್ತದೆ. ಈಗ ಕೆಲಸವನ್ನೆಲ್ಲ ಕಂಟೇನರ್ ಎಂಬ ಆ ಕಬ್ಬಿಣದ ಡಬ್ಬಿಯೇ ಮಾಡುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಕು ಜಾನಕೀಬಾಯಿಗೆ ಮೊಣಕಾಲು ಹಿಡಿದುಕೊಂಡಿದೆ, ಬಾಯಿಗೆ ಏನೂ ಆಗಿಲ್ಲ. ಪ್ಯಾರಿ ಸೊಲ್ಲಾಪುರಕ್ಕೆ ಹೋದ ಮೇಲೆ ರೊಟ್ಟಿ ಬಡಿಯುವುದನ್ನು ಮರೆತಳೋ ಹೇಗೆ ಎಂದು ದಿನಕ್ಕೊಮ್ಮೆ ಕೇಳುತ್ತಾಳೆ. ಮರೆತಿಲ್ಲ ಎಂದು ನಾನೇ ನಿನ್ನ ಪರವಾಗಿ ಉತ್ತರ ಕೊಡುತ್ತೇನೆ.

ಧಂದೆಯ ಸುದ್ದಿ ಹೇಳುತ್ತೇನೆ, ಕೇಳು. ನೀನು ಚಿಕ್ಕವಳಿದ್ದಾಗ ಜೇವರ್ಗಿಯಲ್ಲಿ ತುಂಬಿದ ಬೇಳೆ ಕಲಕತ್ತೆ ಮುಟ್ಟಬೇಕಾದರೆ ಒಂದೊಂದು ಚೀಲ ಆರಾರು ಸಲ ಹಮಾಲರ ಬೆನ್ನೇರುತ್ತಿತ್ತು. ಮಿಲ್ಲಿನಿಂದ ಲಾರಿಗೆ, ಲಾರಿಯಿಂದ ಗೂಡ್ಸ್ ಶೆಡ್ಡಿಗೆ, ಅಲ್ಲಿ ವ್ಯಾಗನ್ ಬರುವ ತನಕ ಕಾದು ರೈಲಿಗೆ, ಆ ತುದಿಯಲ್ಲಿ ಮತ್ತೆ ಇದೇ ಮೆರವಣಿಗೆ. ಪ್ರತಿ ಸಲವೂ ಕೊಕ್ಕೆ ಚುಚ್ಚಿ ಒಂದಿಷ್ಟು ನೆಲಕ್ಕೆ. ಈಗ ಮಿಲ್ಲಿನ ಬಾಗಿಲಲ್ಲೇ ಡಬ್ಬಿ ತುಂಬಿ ಸೀಲು ಹಾಕುತ್ತಾರೆ. ಟ್ರೇಲರ್ ಅದನ್ನು ಹೊತ್ತು ಕಲಬುರ್ಗಿ, ಆಳಂದ, ಹಿರೋಳ್ಳಿ ದಾಟಿ ಸೊಲ್ಲಾಪುರದ ಆಚೆಯ ಯಾರ್ಡಿಗೆ ಒಯ್ಯುತ್ತದೆ. ಕ್ರೇನು ಅದನ್ನು ಎತ್ತಿ ರೈಲಿನ ಮೇಲೆ ಕೂರಿಸುತ್ತದೆ. ನಡುವೆ ಬೇಳೆಯ ಮುಖವನ್ನು ಯಾರೂ ನೋಡುವುದಿಲ್ಲ. ನಾನು ಇದರ ಮೇಲೂ ಒಂದು ಪದ್ಯ ಕಟ್ಟಿದ್ದೇನೆ:

ಹಗ್ಗ ಬೇಡ, ಹಮಾಲ ಬೇಡ, ಹೊದಿಕೆಯಂತೂ ಬೇಡವೇ ಬೇಡ;
ಒಳಗೇನುಂಟು ಕೇಳಲೂಬೇಡ, ಹೊತ್ತವನಿಗೂ ಹೇಳಲೂಬೇಡ.

ತೊಂದರೆಗಳೂ ಇವೆ. ನಲವತ್ತು ಅಡಿಯ ಟ್ರೇಲರ್ ನಮ್ಮ ಆಳಂದದ ತಿರುವಿನಲ್ಲಿ ತಿರುಗುವುದಿಲ್ಲ. ಚಹಾದಂಗಡಿ ಮಾಳಿಂಗಪ್ಪನ ತಗಡಿನ ಚಪ್ಪರವನ್ನು ಎರಡು ಸಲ ಕೊಂಡೊಯ್ದಿತು. ಈಗ ಹಾರ್ನು ಕೇಳಿದರೆ ಅವನೇ ಚಪ್ಪರ ಮಡಚಿ, ಗಿರಾಕಿಗಳನ್ನು ಬಿಸಿಲಿಗೆ ಬಿಟ್ಟು ಒಳಗೆ ಹೋಗುತ್ತಾನೆ. ಇನ್ನು ಕಲಕತ್ತೆಯಿಂದ ಜೇವರ್ಗಿಗೆ ಬರುವ ಮಾಲು ಯಾವುದೂ ಇಲ್ಲದ್ದರಿಂದ ಡಬ್ಬಿ ಬರುವಾಗ ಖಾಲಿಯಾಗಿಯೇ ಬರುತ್ತದೆ. ರೈಲಿನವರಿಗೆ ಈಗ ಇಡೀ ರೈಲು ತುಂಬುವಷ್ಟು ಮಾಲೇ ಬೇಕು, ಆದರೂ ರೈಲು ಒಂದು ನಿಮಿಷ ಕಾಯುವುದಿಲ್ಲ. ಹೊತ್ತು ಮೀರಿತೆಂದರೆ ಮುಂದಿನ ರೈಲು ಎಂಟು ದಿನಕ್ಕೆ.

ಉಸ್ಮಾನಸಾಬನೆಂಬ ನನ್ನ ಗೆಳೆಯನ, ಅಂದರೆ ನಿಮ್ಮಪ್ಪನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತು ಹಾಕಿದ್ದು ಅದಕ್ಕೇ.

ಇಪ್ಪತ್ತೆರಡು ವರ್ಷ ಅವನು ಜೇವರ್ಗಿಯಿಂದ ಮಾಲು ತಂದಾಗಲೆಲ್ಲ ಭೀಮೆಯ ಸೇತುವೆ ಹತ್ತುವ ಮುಂಚೆ ಲಾರಿ ನಿಲ್ಲಿಸಿ, ತಾಡಪತ್ರಿಯ ಅಂಚು ಎತ್ತಿ, ಹೊತ್ತ ಮಾಲಿನಿಂದಲೇ ಒಂದು ಹಿಡಿ ಹೊಳೆಗೆ ಹಾಕುತ್ತಿದ್ದದ್ದು ನಿನಗೆ ಗೊತ್ತು. ಆ ದಾರಿಯ ಹಳೆಯ ಚಾಲಕರೆಲ್ಲರೂ ಹಾಗೆಯೇ. ಹೊಳೆ ದಾಟಲು ಬಿಡುತ್ತದೆ, ಅದಕ್ಕೆ ಪಾಲು. ಒಮ್ಮೆ ಸಿಮೆಂಟು ಹೊತ್ತಾಗ ಹಿಡಿ ಸಿಮೆಂಟನ್ನೂ ಹಾಕಿದ್ದ. ಹೊಳೆ ಗಟ್ಟಿಯಾದೀತು ಎಂದು ನಾನು ನಕ್ಕಿದ್ದೆ. ಅವನ ಹಳೆಯ ಲಾರಿಯ ಹಿಂದಿನ ಹಲಗೆಗೆ ನಾನು ಬರೆಸಿಕೊಟ್ಟ ಸಾಲೂ ಅದೇ: ‘ಹಿಂದ ಬರಾವ್ರು ಹಾರ್ನ್ ಹೊಡೀರಿ, ಹೊಳಿ ಬಂದ್ರ ಹಿಡಿ ಕಾಳು ಬಿಡೀರಿ.’

ಈ ಡಬ್ಬಿಯ ಕಂಪನಿ ಬಂದಾಗ ಐವತ್ತು ದಾಟಿದ ಚಾಲಕ ಬೇಡ ಎಂದಿದ್ದರು. ಯಾರ್ಡಿನಲ್ಲಿ ಗುಮಾಸ್ತನಾಗಿರುವ ನಿನ್ನ ಗಂಡ ಬಂದೇನವಾಜ, ಮಾವನಿಗಾಗಿ ತಾನು ಮಾತು ಕೊಡುತ್ತೇನೆ ಎಂದ ಮೇಲೆ ತೆಗೆದುಕೊಂಡರು. ಜನವರಿಯಲ್ಲಿ ಅವನ ಮೊದಲ ಡಬ್ಬಿ. ಕಾಗದಪತ್ರ ಹಿಡಿದು ನಾನೂ ಜೊತೆಗೆ ಕುಳಿತಿದ್ದೆ. ಹೊಳೆ ಬಂತು. ರೂಢಿಯಂತೆ ಇಳಿದು ಹಿಂದೆ ಹೋಗಿ ನಿಂತ. ಎತ್ತಲು ತಾಡಪತ್ರಿ ಇಲ್ಲ.

ಮುಂದಿನದು ನಿನಗೆ ಗೊತ್ತಿರುವುದೇ. ಯಾರ್ಡಿನ ಗೇಟಿನಲ್ಲಿ ನೋಡಿದರೆ ಸೀಲು ಒಡೆದಿದೆ, ಒಂದು ಚೀಲದ ಹೊಲಿಗೆ ಬಿಚ್ಚಿದೆ. ಡಬ್ಬಿಯನ್ನು ಒಳಗೆ ಬಿಡಲಿಲ್ಲ, ರೈಲು ಹೋಯಿತು. ಯಾರು ಒಡೆದದ್ದು ಎಂದು ಸಾಹೇಬರು ಕೇಳಿದರು. ನಿಮ್ಮಪ್ಪ ಹೇಳಿದ: “ನಾನs ಒಡದೇನ್ರಿ ಸಾಹೇಬ್ರ. ಹೊಳಿಗಿ ಒಂದ್ ಹಿಡಿ ಹಾಕೂದು ನಮ್ಮ ರಿವಾಜ ಅದರಿ.” ಅಲ್ಲೇ ಬೀಗದ ಕೈ ಕಸಿದುಕೊಂಡರು. ಇಂಥವನಿಗಾಗಿ ಯಾಕೆ ಮಾತು ಕೊಟ್ಟೆ ಎಂದು ಬಂದೇನವಾಜ ಕಂಪನಿಗೆ ವಿವರಣೆ ಬರೆದುಕೊಡಬೇಕಾಯಿತು. ಅವನ ಸಿಟ್ಟು ನ್ಯಾಯವಾದದ್ದು. ನಿನ್ನದೂ.

ಈಗ ನಿಮ್ಮಪ್ಪನಿಗೆ ಯಾವ ಮಾಲೀಕನೂ ಸ್ಟೇರಿಂಗ್ ಕೊಡುವುದಿಲ್ಲ. ಸೀಲು ಒಡೆದವನು ಎಂಬ ಹೆಸರು ಅವನಿಗಿಂತ ಮುಂದೆ ಹೋಗಿ ಎಲ್ಲ ಆಫೀಸಿನಲ್ಲೂ ಕೂತಿರುತ್ತದೆ. ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದೆ ಬೇರೆಯವರ ಲಾರಿ ತೊಳೆಯುತ್ತಾನೆ.

ನಿನ್ನ ಪತ್ರ ಬಂದಾಗ ಓದಿ ಹೇಳಲು ನನ್ನನ್ನೇ ಕರೆಸಿದ. ಎಲ್ಲ ಓದಿದೆ. ‘ಇನ್ನು ನಮ್ಮ ಮನೆಗೆ ಬರಬೇಡ ಅಬ್ಬಾ, ಇವರ ಮುಂದೆ ನನಗೆ ತಲೆ ಎತ್ತಲು ಆಗುವುದಿಲ್ಲ’ ಎಂಬ ಕೊನೆಯ ಸಾಲೊಂದನ್ನು ಬಿಟ್ಟೆ.

“ಇಷ್ಟs ಏನ್ರಿ?” ಎಂದ.

“ಇಷ್ಟs.”

“ನನ್ನ ಮಗಳು ಇಷ್ಟಕ್ಕ ಬಿಡಾಕಿ ಅಲ್ರಿ ರಾಯರ. ನೀವು ಏನೋ ನುಂಗೀರಿ.”

ಪತ್ರವನ್ನು ಒದ್ದೆ ಕೈಯಿಂದಲೇ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ. ಶಾಯಿ ಕದಡುತ್ತದೆ ಎಂದೆ. ಇನ್ನೇನು ಕದಡುವುದಿದೆ ಎಂದು ಬಕೆಟ್ ಎತ್ತಿಕೊಂಡು ಹೋದ.

ರಮಜಾನ್ ಹಬ್ಬದ ದಿನ ನಾನು ಹೋಗಿದ್ದೆ. ನಿಮ್ಮಮ್ಮ ತೀರಿಕೊಂಡ ಮೇಲೆ ಅವನೇ ಕಲಿತು ಮಾಡುವ ಸುರಕುಂಬಾ ಆಗಿತ್ತು. ಹಾಲಿನಲ್ಲಿ ಶಾವಿಗೆ ಈ ಸಲವೂ ಮುದ್ದೆಯಾಗಿತ್ತು. ಒಂದು ಬಟ್ಟಲು ಮುಚ್ಚಿಟ್ಟು, ಸೊಲ್ಲಾಪುರದಿಂದ ಒಂದೊಂದು ಬಸ್ಸು ಬಂದಾಗಲೂ ಬಾಗಿಲ ಕಡೆ ನೋಡುತ್ತಿದ್ದ. ಬಸ್ಸುಗಳೂ ಈಗ ಸರಿಯಾಗಿ ಬರುವುದಿಲ್ಲ ಎಂದ. ಎಲ್ಲ ಬಸ್ಸೂ ಸರಿಯಾಗಿಯೇ ಬಂದಿದ್ದವು. ಸಂಜೆಯ ಬಸ್ಸೂ ಬಂದು ಹೋದ ಮೇಲೆ ಬಟ್ಟಲನ್ನು ನನ್ನ ಮುಂದೆ ಸರಿಸಿದ. “ನೀವs ಕುಡೀರಿ ರಾಯರ, ಇಲ್ಲಂದ್ರ ಕೆಡ್ತದ.” ಕುಡಿದೆ. ಬಟ್ಟಲು ಖಾಲಿ ಮಾಡಿ ತೊಳೆದಿಟ್ಟೆ.

ಒಮ್ಮೆ ಬಂದು ಹೋಗು ಮಗಳೇ. ಬೈಯಲಿಕ್ಕಾದರೂ ಬಾ. ನಿನ್ನ ಬೈಗುಳ ಅವನಿಗೆ ಹೊಸದಲ್ಲ, ನಿನ್ನ ಮೌನ ಹೊಸದು. ಬಂದೇನವಾಜನಿಗೆ ನನ್ನ ಸಲಾಮು ತಿಳಿಸು. ನಿನ್ನ ಮನೆಯ ಒಲೆ ಬೆಚ್ಚಗಿರಲಿ, ನಿಮ್ಮಿಬ್ಬರ ಮನಸ್ಸು ತಣ್ಣಗಿರಲಿ.

ಇಂತಿ,
ನಿನ್ನ ಕಾಕಾ
ವಾಮನ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಸೀಲು ಒಡೆದವನು ನಾನು.

ಅಂದು ಹೊಳೆಯ ದಂಡೆಯಲ್ಲಿ, ಡಬ್ಬಿಯ ಬಾಗಿಲು ತೆಗೆಯಲೇ ಎಂದು ಕೇಳಿದವನೂ ನಾನೇ. “ಬ್ಯಾಡ್ರಿ ರಾಯರ. ಅಳಿಯಾ ಜುಬಾನ್ ಕೊಟ್ಟಾನ. ಹೊಳಿಗಿ ನಾ ಹೇಳ್ತೇನಿ” ಎಂದು ನಿಮ್ಮಪ್ಪ ರೇಡಿಯೇಟರಿಗೆ ನೀರು ತರಲು ಕೆಳಗಿಳಿದ. ಅವನ ಮುಖ ಸಣ್ಣದಾಗಿದ್ದದ್ದನ್ನು ನನಗೆ ನೋಡಲಾಗಲಿಲ್ಲ. ಗೂಡ್ಸ್ ಶೆಡ್ಡಿನಲ್ಲಿ ಹದಿನೈದು ವರ್ಷ ವ್ಯಾಗನ್ನುಗಳಿಗೆ ಸೀಸದ ಬಿಲ್ಲೆ ಒತ್ತಿದವನು ನಾನು. ಬೇಕೆಂದಾಗ ಬಿಚ್ಚಿ, ಇಕ್ಕಳದಿಂದ ಮತ್ತೆ ಒತ್ತಿದರೆ ಆಗುತ್ತಿತ್ತು. ಇದೂ ಹಾಗೆಯೇ ಎಂದುಕೊಂಡೆ. ಇದು ಒಮ್ಮೆ ಒಡೆದರೆ ಮತ್ತೆ ಕೂಡುವುದಿಲ್ಲ ಎಂಬುದು ಒಡೆದ ಮೇಲೆ ತಿಳಿಯಿತು. ಅವನು ನೀರು ಹೊತ್ತು ಮೇಲೆ ಬಂದಾಗ ನನ್ನ ಮುಷ್ಟಿಯಲ್ಲಿ ಬೇಳೆ ಇತ್ತು. ಸೀಲು ನೋಡಿದ, ನನ್ನ ಕೈ ನೋಡಿದ. “ಹಾಕ್ರಿ ಮತ್ತ” ಎಂದ, ಅಷ್ಟೆ.

ಗೇಟಿನಲ್ಲಿ ಸಾಹೇಬರ ಪ್ರಶ್ನೆ ಮುಗಿಯುವ ಮೊದಲೇ ಅವನು ‘ನಾನs’ ಎಂದುಬಿಟ್ಟ. ನಾನು ಪಕ್ಕದಲ್ಲೇ ಕಾಗದ ಹಿಡಿದು ನಿಂತಿದ್ದೆ. ಈ ಕಂಪನಿಯಲ್ಲಿ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆದ ಮೇಲೆ ಹೇಳೋಣ ಎಂದುಕೊಂಡೆ. ಈ ತಿಂಗಳ ಒಂದಕ್ಕೆ ಆಯಿತು. ಆಮೇಲೂ ಹದಿಮೂರು ದಿನ ಸುಮ್ಮನಿದ್ದೆ. ನೀನು ಬರೆದ ಕೊನೆಯ ಸಾಲನ್ನು ಅವನಿಗೆ ಓದಿ ಹೇಳದಿದ್ದದ್ದು ಅವನ ಮೇಲಿನ ಕರುಣೆಯಿಂದಲ್ಲ, ಅದು ನನಗೆ ಬರೆದದ್ದಾಗಿತ್ತು.

ಕಂಪನಿಗೂ ಇದನ್ನೇ ಬರೆದು ಇದೇ ಟಪಾಲಿಗೆ ಹಾಕುತ್ತಿದ್ದೇನೆ. ಬಂದೇನವಾಜನಿಗೆ ಈ ಪತ್ರ ಓದಿ ಹೇಳು. ಆಮೇಲೆ ಇಬ್ಬರೂ ಅಫಜಲಪುರಕ್ಕೆ ಹೋಗಿ. ಕೇಳಿದರೆ ಅವನು ಒಡೆದದ್ದು ತಾನೇ ಎಂದು ಮತ್ತೆ ಹೇಳುತ್ತಾನೆ. ನಂಬಬೇಡ.