ದೇವರ ಚೊಂಬು, ಆಫೀಸಿನ ಬಾಟ್ಲಿ

ನಂಜನಗೂಡು
19-11-2024, ಮಂಗಳವಾರ

ಪುಟ್ಟಿಯ ಅಪ್ಪನಿಗೆ ನಯನ ಮಾಡುವ ನಮಸ್ಕಾರಗಳು.

ಧಾರವಾಡದ ಚಳಿ ಹೇಗಿದೆ? ಕೆಮ್ಮು ಕಡಿಮೆಯಾಯಿತೆ? ಟ್ರೈನಿಂಗಿನಲ್ಲಿ ರೊಟ್ಟಿ ಸೇರದೆ ಬರೀ ಟೀ ಕುಡಿದುಕೊಂಡಿದ್ದೀರೇನೋ. ಪುಟ್ಟಿ ಚೆನ್ನಾಗಿದ್ದಾಳೆ. ಟಿ. ನರಸೀಪುರದಿಂದ ಅಮ್ಮ ಫೋನು ಮಾಡಿದ್ದಳು, ಮೈ ನವೆಗೆ ಇನ್ನೂ ಮುಲಾಮು ಹಚ್ಚುತ್ತಿದ್ದಾಳಂತೆ. ಫೋನು ಬಿಟ್ಟು ಕಾಗದ ಯಾಕೆ ಅಂತ ಹುಬ್ಬೇರಿಸಬೇಡಿ. ಫೋನಿನಲ್ಲಾದರೆ ಅರ್ಧಕ್ಕೇ ರೇಗುತ್ತೀರಿ, ಪಕ್ಕದಲ್ಲಿ ನಿಮ್ಮ ಆಫೀಸಿನವರೂ ಇರುತ್ತಾರೆ.

ವಿಷಯ ಇಷ್ಟು. ನೀವು ಹೋದ ಮೇಲೆ ಹೊಳೆ ನೀರಿನ ಸ್ಯಾಂಪಲ್ ತೆಗೆಯಲು ಶಿವಸ್ವಾಮಿಯನ್ನು ಹಾಕಿದರಲ್ಲ, ಅವನು ತುಂಬಿದ ಮೊದಲ ಬಾಟ್ಲಿಯೇ ಲ್ಯಾಬಿನಲ್ಲಿ ಕೆಟ್ಟದ್ದು ಅಂತ ಬಂದಿದೆ. ಬಣ್ಣದ ಕಾರ್ಖಾನೆಯ ಮೋರಿ ಹೊಳೆ ಸೇರುವ ಜಾಗದ್ದು. ಅದೇ ಜಾಗದ್ದು ಅಂತ ನೀವು ವರ್ಷಗಟ್ಟಲೆ ಕಳಿಸಿದ ಒಂದು ಬಾಟ್ಲಿಯೂ ಕೆಟ್ಟದ್ದು ಬಂದಿರಲಿಲ್ಲ. ಪಕ್ಕದ ಮನೆಯ ಮರಿತಾಯಮ್ಮ ಎಲ್ಲರ ಮುಂದೆ, “ನಿನ್ ಗಂಡ ಇರೋಗಂಟ ಸರ್ಯಾಗಿದ್ದ ನೀರು ಆವಯ್ಯ ಓದೇಟ್ಗೇ ಕೆಟ್ಟೋಯ್ತಾ? ಕಾರ್ಖಾನೇವ್ರು ಏನಾರ ಕೊಟ್ಟಿರ್ಬೇಕು ಕಣವ್ವ” ಅಂದುಬಿಟ್ಟಳು. ಅವಳ ಬಾಯಿ ಮುಚ್ಚಿಸಿ ಬಂದೆ. ಆದರೆ ಮನೆಗೆ ಬಂದ ಮೇಲೆ ನನಗೇ ಅನುಮಾನ ಹತ್ತಿಕೊಂಡಿತು, ಸುಳ್ಳು ಯಾಕೆ ಹೇಳಲಿ. ಯುಗಾದಿಗೆ ತಂದ ಫ್ರಿಜ್ಜು ಚೀಟಿ ದುಡ್ಡಿನದು ಅಂದಿರಿ. ಯಾರ ಹತ್ತಿರ ಹಾಕಿದ ಚೀಟಿ? ದೀಪಾವಳಿಗೆ ಕಾರ್ಖಾನೆಯಿಂದ ಸ್ವೀಟ್ ಬಾಕ್ಸು, ನೀವು ಊರಲ್ಲಿಲ್ಲದಿದ್ದರೂ ನಿಮ್ಮ ಹೆಸರಿಗೇ ಯಾಕೆ ಬಂತು? ಹಾಲು ಮೊಸರೆಲ್ಲ ಫ್ರಿಜ್ಜಿನಿಂದ ತೆಗೆದು ಹೊರಗಿಟ್ಟೆ. ನಿಮ್ಮ ಮೇಲೆ ಕೋಪ ಬಂತು, ಅಳುವೂ ಬಂತು.

ನಿನ್ನೆ ಕಾರ್ತಿಕ ಸೋಮವಾರ, ದೇವರಿಗೆ ನೀರು ತರಲು ಹೊಳೆಗೆ ಹೋಗಿದ್ದೆ. ಶಿವಸ್ವಾಮಿಯೂ ಬಂದ. ಇವನೇನು ಆಟ ಕಟ್ಟುತ್ತಾನೋ ನೋಡೇಬಿಡೋಣ ಅಂತ ನಿಂತೆ. ಮೋರಿಯ ಕೆಳಗಡೆ, ನೊರೆ ಕಟ್ಟಿದ್ದಲ್ಲಿಗೇ ಇಳಿದು ಬಾಟ್ಲಿ ಅದ್ದಿದ. ಆ ಗಲೀಜಿಗೆ ಯಾಕಪ್ಪ ಇಳಿದೆ ಅಂದರೆ, “ಇಲ್ಲೇ ಅಲ್ವಕ್ಕ ತಗೀಬೇಕಾದ್ದು” ಅಂದ. ನಾನು ನಿಂತಿದ್ದದ್ದು ಮೋರಿಯ ಮೇಲ್ಗಡೆ, ಅದರ ಗಲೀಜು ಇನ್ನೂ ಹೊಳೆಗೆ ಸೇರದ ಜಾಗ, ನಾವು ಯಾವಾಗಲೂ ದೇವರ ನೀರು ತುಂಬುವ ಕಡೆ. ಆಗ ಜ್ಞಾಪಕ ಬಂತು ನೋಡಿ. ಹೋದ ವರ್ಷ ನಿಮ್ಮ ಜೊತೆ ಬಂದಿದ್ದೆನಲ್ಲ, ನೀವು ಅಲ್ಲೇ ಕಾಲು ತೊಳೆದು, ಮೇಲಿನ ನೀರನ್ನು ಕೈಯಿಂದ ಆಚೆ ತಳ್ಳಿ, ಮೊದಲು ದೇವರ ಚೊಂಬು ತುಂಬಿದಿರಿ. ಆಮೇಲೆ ನಿಂತ ಜಾಗದಲ್ಲೇ ಆಫೀಸಿನ ಬಾಟ್ಲಿಯನ್ನೂ ತುಂಬಿದಿರಿ. “ಆ ಗಲೀಜ ಮುಟ್ಬುಟ್ಟು ದೇವ್ರ ಚೊಂಬ ಇಡ್ಕಳಕ್ಕಾಯ್ತದಾ?” ಅಂದಿದ್ದಿರಿ. ನಾನೂ ತಲೆಯಾಡಿಸಿದ್ದೆ.

ಇದೆಲ್ಲ ನಿಮ್ಮ ಮಡಿಯ ಕೆಲಸ ಅಂತ ಗೊತ್ತಾಗಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಲನ್ನು ಮತ್ತೆ ಫ್ರಿಜ್ಜಿಗೆ ಇಟ್ಟಿದ್ದೇನೆ. ಮೊಸರು ಇನ್ನೂ ಹೊರಗೇ ಇದೆ, ಸ್ವೀಟ್ ಬಾಕ್ಸಿನ ವಿಷಯ ನೀವು ಬಂದು ಹೇಳಬೇಕು.

ಕಿವಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿ. ಅತ್ತೆಯವರ ಆಶೀರ್ವಾದ, ಪುಟ್ಟಿಯ ಮುತ್ತು.

ಇತಿ,
ನಿಮ್ಮ ನಯನ

ಮುಖ್ಯವಾದದ್ದೇ ಬಿಟ್ಟುಹೋಯಿತು. ನೀವು ಬಂದ ದಿನವೇ ಸಾಹೇಬರು ವಿಚಾರಣೆ ಮಾಡುತ್ತಾರಂತೆ. ರೂಲ್ಸ್ ಪ್ರಕಾರವೇ ತೆಗೆದೆ ಅಂತ ಹೇಳಬೇಡಿ. ಮೇಲ್ಗಡೆ ತುಂಬಿದೆ ಅಂತ ಒಪ್ಪಿಕೊಳ್ಳಿ, ಕೆಲಸ ಹೋದರೆ ಹೋಗಲಿ. ಈ ಹೊಳೆ ಇಲ್ಲಿಂದ ಟಿ. ನರಸೀಪುರಕ್ಕೇ ತಾನೇ ಹರಿದುಹೋಗುವುದು? ಅಮ್ಮ ಅಲ್ಲಿ ದಿನಾ ಅದರಲ್ಲೇ ಮುಳುಗಿ, ದೇವರಿಗೆ ಅಂತ ಒಂದು ಚೊಂಬು ತುಂಬಿಕೊಂಡು ಬರುತ್ತಾಳೆ. ನೀವು ಮುಟ್ಟಲಾರದೆ ಬಿಟ್ಟ ನೀರೇ ಅದು.